ದೇವರನ್ನು ಕಟಕಟೆಯಿಂದ ಇಳಿಸಿದ ದಿನ

ನನ್ನ ಹೆಂಡತಿ ನೀಲವ್ವನ ಹೊಟ್ಟೆಯಲ್ಲಿ ಒಂದು ಗಂಟು ಇದೆ ಎಂಬುದು ೧೯೭೫ರ ದೀಪಾವಳಿಯ ಪಾಡ್ಯದ ಬೆಳಗ್ಗೆ, ಆಕೆ ಇಳಕಲ್ಲ ಸೀರೆಯ ನಿರಿಗೆ ಸಿಕ್ಕಿಸುವಾಗ ಬೆಳಕಿಗೆ ಬಂತು.

"ಇಲ್ಲೇನೋ ಗಟ್ಟಿ ಹತ್ತತೈತಿ, ಮುಟ್ಟಿ ನೋಡ್ರಿ," ಎಂದಳು.

ಮುಟ್ಟಿ ನೋಡಿದೆ. ಹೊಕ್ಕುಳಿಗಿಂತ ಮೇಲೆ, ತುಸು ಎಡಕ್ಕೆ, ಎಳೆಯ ಮಾವಿನಕಾಯಿಯಷ್ಟು. ಒತ್ತಿದರೆ ಆಚೆ ಸರಿಯುತ್ತಿತ್ತು, ಕೈ ಬಿಟ್ಟರೆ ಮರಳಿ ಬಂದು ಕೂಡುತ್ತಿತ್ತು. ಮುದ್ದೇಬಿಹಾಳದ ಕೋರ್ಟಿನಲ್ಲಿ ಕಾರಕೂನಿಕೆ ಮಾಡುತ್ತ ತಲೆ ನೆರೆಸಿಕೊಂಡ ನನಗೆ ಇಂಥ ಸ್ವಭಾವದ ಕಕ್ಷಿದಾರರ ಪರಿಚಯ ಸಾಕಷ್ಟಿತ್ತು. ಅವರಂತೆ ಇದೂ ಒಂದು ದಿನ ತಾನಾಗಿಯೇ ಎದ್ದು ಹೋದೀತು ಎಂದುಕೊಂಡೆ. ಸದರಿ ಗಂಟು ಹೋಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅದು ಮಾವಿನಕಾಯಿಯಿಂದ ಬೇಲದ ಕಾಯಿಗೆ ಬಡ್ತಿ ಪಡೆದಿತ್ತು. ನೀಲವ್ವ ಎರಡು ತುತ್ತು ಉಂಡರೆ ಮೂರನೆಯದಕ್ಕೆ ಜಾಗವಿಲ್ಲವೆನ್ನುತ್ತಿದ್ದಳು. ಉಂಡದ್ದು ಸಂಜೆಗೆ ವಾಂತಿಯಾಗುತ್ತಿತ್ತು. ಮದುವೆಯಲ್ಲಿ ಬಳೆಗಾರ ಎಣ್ಣೆ ಹಚ್ಚಿ ಬಳೆ ಏರಿಸಿದಂಥ ತುಂಬಿದ ಕೈ. ಆ ಕೈಯ ಬಳೆಗಳು ಈಗ ಕೈ ಇಳಿಬಿಟ್ಟರೆ ಸಾಕು, ತಾವಾಗಿಯೇ ಜಾರುತ್ತಿದ್ದವು. ಬಾಯಿಗೆ ಯಾವುದೂ ರುಚಿಸದು. ರುಚಿಸುತ್ತಿದ್ದುದು ಒಂದೇ: ತವರಿನ ನಿಂಬೆಕಾಯಿ ಉಪ್ಪಿನಕಾಯಿ. ಆಕೆಯ ತವರು ಇಂಡಿ. ತಮ್ಮ ಮಲ್ಲೇಶಪ್ಪನಿಗೆ ಅಲ್ಲಿ ನಿಂಬೆಯ ತೋಟ. ಮೊದಲಿನಿಂದಲೂ ಬರಣಿ ಕಳಿಸುತ್ತಿದ್ದ ಆತ, ಅಕ್ಕನಿಗೆ ಅನ್ನ ಸೇರುವುದಿಲ್ಲವೆಂದು ಕೇಳಿ ಈ ಸಲ ತಾನೇ ಬಸ್ಸಿನಲ್ಲಿ ಬರಣಿಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದ.

"ಅಕ್ಕಾ, ಇದನ್ನ ತಿನ್ನು. ಇಂಡಿ ನಿಂಬಿ ಅಂದ್ರ ಸತ್ತ ನಾಲಗಿ ಎದ್ದು ಕುಂದರ್ತೈತಿ."

ಇನ್ನು ವೈದ್ಯರ ಸಾಕ್ಷ್ಯಕ್ಕೆ ಬರುತ್ತೇನೆ. ನಮ್ಮೂರಿನ ಡಾಕ್ಟರರು ಕೈಯಿಟ್ಟು, "ಗುಲ್ಮ ಬೆಳದೈತಿ, ಹಿಂದ ಯಾವಾಗೋ ಚಳಿಜ್ವರ ಬಂದಿರಬೇಕು," ಎಂದು ಕಹಿ ಔಷಧದ ಸೀಸೆ ಕೊಟ್ಟರು. ಸಿಂದಗಿಯ ನಾಟಿ ವೈದ್ಯರು ನಾಡಿ ಹಿಡಿದು, ಗಂಟನ್ನು ನೋಡುವ ಗೊಡವೆಗೇ ಹೋಗದೆ, "ವಾಯುಗೋಳ!" ಎಂದು ತೀರ್ಪು ಕೊಟ್ಟು, ಔಡಲೆಣ್ಣೆ ತಿಕ್ಕಲು ಹೇಳಿದರು. ಬಸವನ ಬಾಗೇವಾಡಿಯಲ್ಲಿ ಹೊಸದಾಗಿ ಬಂದಿದ್ದ ತರುಣ ಡಾಕ್ಟರು ಕರುಳಿನ ಕ್ಷಯವೆಂದು ಸೂಜಿಮದ್ದು ಶುರುಮಾಡಿದರು. ಎಲ್ಲರೂ ಒಳ್ಳೆಯವರೇ. ಯಾರಿಗೂ ಸಂಶಯವೆಂಬುದು ಲವಲೇಶವೂ ಇರಲಿಲ್ಲ. ಒಂದೇ ಹೊಟ್ಟೆಗೆ ಮೂರು ಹೆಸರು ಬಿದ್ದವು, ಗಂಟು ಮಾತ್ರ ಯಾವ ಹೆಸರಿಗೂ ಓಗೊಡದೆ ಬೆಳೆಯಿತು.

ಪ್ರತಿ ದವಾಖಾನೆಗೂ ನೀಲವ್ವ ಇಳಕಲ್ಲ ಸೀರೆಯುಟ್ಟು, ಮೂಗಿಗೆ ನತ್ತು, ಬಾಯಿಗೆ ಹಲ್ಲು ಹಾಕಿಕೊಂಡೇ ಬರುತ್ತಿದ್ದಳು. ಹಲ್ಲು ಎಂದರೆ ಕಟ್ಟಿಸಿದ ಹಲ್ಲು. ಒಸಡು ಕೆಟ್ಟು ಐವತ್ತರೊಳಗೇ ಆಕೆಯ ಹಲ್ಲೆಲ್ಲ ಉದುರಿದ್ದವು. ನಾನು ಬಿಜಾಪುರಕ್ಕೆ ಕರೆದೊಯ್ದು ಎರಡೂ ಸಾಲು ಕಟ್ಟಿಸಿದ್ದೆ. ಆಕೆ ಅವನ್ನು ಹಿತ್ತಾಳೆಯ ಡಬ್ಬಿಯಲ್ಲಿ ನತ್ತಿನ ಜೊತೆಗೇ ಇಡುತ್ತಿದ್ದಳು. ಮದುವೆಗೆ, ಮುಂಜಿಗೆ, ಬೀಗರು ಬಂದಾಗ ಹೊರಬರುತ್ತಿದ್ದವು. ಊಟಕ್ಕೆ ಕೂತಾಗ ಮರಳಿ ಡಬ್ಬಿಗೆ.

"ಯಾವ ಸತ್ತವರ ಹಲ್ಲೋ ಏನೋ," ಎನ್ನುತ್ತಿದ್ದಳು. "ದೇವರ ಪ್ರಸಾದ ತಿನ್ನೂ ಬಾಯಾಗ ಅದನ್ನ ಇಟ್ಕೊಂಡು ಉಣ್ಣಲ್ಯಾ?"

"ಸತ್ತವರದಲ್ಲ ಮಾರಾಯ್ತಿ, ಅದು ಕಾರಖಾನೆಯಲ್ಲಿ ಎರಕ ಹೊಯ್ದದ್ದು," ಎಂದು ನಾನು ಅಂದರೆ,

"ನೀವು ಕೋರ್ಟಿನವರು. ಯಾರ ಪರ ಬೇಕಾದ್ರೂ ಮಾತಾಡ್ತೀರಿ," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಂತೂ ದವಾಖಾನೆಯೆಂದರೆ ನಾಲ್ಕು ಮಂದಿ ನೋಡುವ ಜಾಗ. ನೋಡಿದ ವೈದ್ಯರೆಲ್ಲ ಆಕೆಯ ನಾಲಗೆಯನ್ನು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ. ಸಾಲಾಗಿ ಬೆಳ್ಳಗಿದ್ದ ಹಲ್ಲನ್ನು ಕಂಡು ಕೇಳುವುದಾದರೂ ಏನಿತ್ತು?

ಶಿವರಾತ್ರಿ ಮುಗಿದ ವಾರ ಬಿಜಾಪುರಕ್ಕೆ ಹೋದೆವು. ಅಲ್ಲಿ ಸುಣ್ಣದ ತಿಳಿಯಂಥ ಬಿಳಿ ಔಷಧ ಕುಡಿಸಿ ಹೊಟ್ಟೆಯ ಫೋಟೋ ತೆಗೆದರು. ದೊಡ್ಡ ಡಾಕ್ಟರರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ನನ್ನೊಬ್ಬನನ್ನೇ ಹೊರಗೆ ಕರೆದರು. ಔಷಧ ತುಂಬಬೇಕಾದ ಜಠರದ ನಡುವೆ ದೊಡ್ಡದೊಂದು ಜಾಗ ತುಂಬದೆ ಕಪ್ಪಾಗಿ ಉಳಿದಿತ್ತು.

"ಕ್ಯಾನ್ಸರ್," ಎಂದರು. "ಭಾಳ ಮುಂದಕ್ಕ ಹೋಗೇತಿ. ಆಪರೇಷನ್ ಅಂತ ಅವರನ್ನ ಯಾಕ ಗೋಳಾಡಿಸ್ತೀರಿ? ಮನೀಗೆ ಕರಕೊಂಡು ಹೋಗ್ರಿ. ಬಾಯಿಗೆ ಏನು ರುಚಿಸ್ತೈತಿ ಅದನ್ನ ಕೊಡ್ರಿ."

ಓದುಗ ಬಾಂಧವರೇ, ಕೆಲಕಾಲ ಬಿಜಾಪುರದ ಸೆಷನ್ಸ್ ಕೋರ್ಟಿನಲ್ಲಿದ್ದಾಗ ಮರಣದಂಡನೆಯ ತೀರ್ಪುಗಳನ್ನು ಒಂದಕ್ಷರ ತಪ್ಪದೆ ನಕಲು ಮಾಡಿದವನು ನಾನು. ಅಂದು ಬಸ್ಸಿನಲ್ಲಿ ಟಿಕೇಟು ಕೇಳುವಾಗ ನಮ್ಮೂರಿನ ಹೆಸರನ್ನೇ ತಪ್ಪಿ ಹೇಳಿದೆ. ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ಚಹಾ ತಂದುಕೊಟ್ಟೆ. ಆಕೆ ಅರ್ಧ ಕುಡಿದು ಕಪ್ಪನ್ನು ನನ್ನ ಕೈಗೆ ಕೊಟ್ಟು, "ಉಳದದ್ದು ನೀವು ಕುಡೀರಿ. ನಿಮ್ಮ ಮಾರಿ ಯಾಕ ಹಂಗಾಗೇತಿ?" ಎಂದಳು. ಬಿಸಿಲಿಗೆ ಎಂದೆ. ಹೂವಿನ ಹಿಪ್ಪರಗಿ ದಾಟುವಾಗ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದಳು. ಆ ತಲೆಗೆ ಭಾರವೇ ಇರಲಿಲ್ಲ.

ಮನೆಯಲ್ಲಿ ಮಲ್ಲೇಶಪ್ಪ ಮತ್ತೊಂದು ಬರಣಿಯೊಂದಿಗೆ ಕಾದಿದ್ದ. ಸಂಗತಿ ಹೇಳಿದೆ. ಆತ ಬರಣಿಯನ್ನು ಪಡಸಾಲೆಯ ಕಂಬದ ಬುಡಕ್ಕೆ ಇಳಿಸಿದ. ಆಮೇಲೆ, "ಮಾಮಾ, ಸೊಲ್ಲಾಪುರದಾಗ ಒಬ್ಬ ಮುದುಕ ಸರ್ಜನ್ ಅದಾನಂತ. ಒಮ್ಮಿ ತೋರಸೋಣು," ಎಂದ. ನೆರೆಯವರು ಒಪ್ಪಲಿಲ್ಲ. "ಅಂಥಾ ಗಡ್ಡಿಗೆ ಚಾಕು ಹಚ್ಚಿದ್ರ ಮೈಯೆಲ್ಲಾ ಹಬ್ಬತೈತ್ರಿ. ಇದ್ದಷ್ಟು ದಿನ ಸಮಾಧಾನದಿಂದ ಇರ್ಲಿ," ಎಂದರು. ಕೊಯ್ಯಿಸಿದರೆ ಮೇಜಿನ ಮೇಲೆಯೇ ಹೋದಾಳೆಂಬ ಭಯ. ಬಿಟ್ಟರೆ ಕಣ್ಣೆದುರೇ ಒಣಗಿ ಹೋಗುವುದು ಖಚಿತ. ಅತ್ತ ದರಿ, ಇತ್ತ ಪುಲಿ. ಇಂಥ ಹೊತ್ತಿನಲ್ಲಿ ನಾವು ಹಿಂದಿನಿಂದಲೂ ಏನು ಮಾಡುತ್ತ ಬಂದಿದ್ದೇವೋ ಅದನ್ನೇ ಮಾಡಿದೆ. ಮರುದಿನ ನೀಲವ್ವನನ್ನು ಚಕ್ಕಡಿ ಗಾಡಿಯಲ್ಲಿ ಮಲಗಿಸಿಕೊಂಡು ಮನೆದೇವರು ಈರಭದ್ರಸ್ವಾಮಿಯ ಗುಡಿಗೆ ಹೂ ಕೇಳಲು ಹೋದೆ.

ನಮ್ಮ ಗುಡಿಯ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಹೊಸಬರಿಗಾಗಿ ಹೇಳುತ್ತೇನೆ. ಪೂಜಾರಿಯು ಕಣಗಿಲ ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ಸ್ವಾಮಿಯ ಎರಡೂ ಭುಜಗಳಿಗೆ ಅಂಟಿಸುತ್ತಾರೆ. ಭಕ್ತನು ಕೇಳುವುದನ್ನು ಕೇಳಿ ಕಾಯಬೇಕು. ಬಲಗಡೆಯ ಎಸಳು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಮೂರನೆಯ ದಾರಿ ಇಲ್ಲವೆಂದು ನಾನು ತಿಳಿದಿದ್ದೆ.

ಪೂಜಾರಿ ಈರಯ್ಯ ಎಸಳು ಅಂಟಿಸಿ ಹಿಂದೆ ಸರಿದರು. ನಾನು ಕೈಮುಗಿದು ಸ್ಪಷ್ಟವಾಗಿ ಕೇಳಿದೆ: "ಸ್ವಾಮೀ, ಈಕೆಯ ಹೊಟ್ಟೆಯಲ್ಲಿರುವುದು ಕ್ಯಾನ್ಸರು, ಹೌದೋ ಅಲ್ಲವೋ?"

ಯಾವ ಎಸಳೂ ಕದಲಲಿಲ್ಲ. ದೀಪದ ಕುಡಿ ನೆಟ್ಟಗೆ ಉರಿಯುತ್ತಿತ್ತು. ಪ್ರಶ್ನೆ ಸರಿಯಾಗಲಿಲ್ಲವೇನೋ ಎಂದು ಬಿಡಿಸಿ ಕೇಳಿದೆ. ಕ್ಷಯವೋ? ಗುಲ್ಮವೋ? ವಾಯುಗೋಳವೋ? ಒಂದೊಂದಾಗಿ ಎಲ್ಲವನ್ನೂ ಸ್ವಾಮಿಯ ಮುಂದಿಟ್ಟೆ. ಒದ್ದೆ ಎಸಳುಗಳು ಒಣಗಿ ಕಲ್ಲಿಗೆ ಕಚ್ಚಿಕೊಂಡವು. ಈರಯ್ಯ ಅವನ್ನು ತೆಗೆದು ಹೊಸವನ್ನು ಅಂಟಿಸಿದರು. ಮತ್ತೆ ಕೇಳಿದೆ. ಬಾಗಿಲಿನ ಬಿಸಿಲು ಹೊಸ್ತಿಲಿನಿಂದ ನಂದಿಯ ಬೆನ್ನಿಗೆ ಬಂತು. ಈರಯ್ಯ ಸಂಕೋಚದಿಂದ, "ಇವತ್ತ ಸ್ವಾಮಿ ಮನಸು ಇಲ್ಲಂತ ಕಾಣ್ತೈತ್ರಿ," ಎಂದರು.

ನನಗೆ ತಡೆಯಲಾಗಲಿಲ್ಲ. "ನಲವತ್ತು ವರ್ಷ ಸೋಮವಾರ ಬಿಟ್ಟಿಲ್ಲ. ಒಂದು ಮಾತು ಕೇಳಿದರೆ ಬಾಯಿ ಬಿಡವಲ್ಲಿ! ಮನುಷ್ಯರು ನಾಲ್ವರು ನಾಲ್ಕು ಹೇಳಿದರು. ನಿನಗೂ ಗೊತ್ತಿಲ್ಲದಿದ್ದರೆ ನಾನು ಯಾರನ್ನು ಕೇಳಲಿ?" ಎಂದು ಗರ್ಭಗುಡಿಯ ಹೊಸ್ತಿಲಿಗೆ ತಲೆ ಬಡಿದುಕೊಂಡು ಅತ್ತೆ. ಕೋರ್ಟಿನ ಕಾರಕೂನ ಅಳುವುದನ್ನು ಈರಯ್ಯ ಮೊದಲ ಸಲ ಕಂಡಿರಬೇಕು. ಅವರು ಗಂಟೆಯ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡರು.

ಕಂಬಕ್ಕೆ ಒರಗಿ ಕೂತಿದ್ದ ನೀಲವ್ವ ಆಗ ಮಾತಾಡಿದಳು.

"ಸಾಕು ಏಳ್ರಿ. ಮುಂಜಾನಿಂದ ನೋಡಾಕತ್ತೇನಿ. ಸ್ವಾಮೀನ ಕಟಕಟಿಯೊಳಗ ನಿಲ್ಲಿಸಿ ಉಲಟಾ ಸವಾಲ ಮಾಡಾಕತ್ತೀರಲ್ಲ! ಹೌದೋ ಅಲ್ಲೋ, ಅದೋ ಇದೋ. ಅವ ಏನು ಸಮನ್ಸ್ ಕೊಟ್ಟು ಕರಿಸಿದ ಸಾಕ್ಷೀದಾರೇನು? ಇಳಸ್ರಿ ಅವನ್ನ. ದೊಡ್ಡವರ ಮುಂದ ಅಪ್ಪಣಿ ಕೇಳೂದು ರೀತಿ."

"ನಿನಗೆ ಏನಾಗಿದೆ ಅಂತ ತಿಳೀಬೇಕಲ್ಲ ನೀಲಾ—"

"ನಂಗೊತ್ತೈತಿ. ಬಿಜಾಪುರದ ಡಾಕ್ಟರು ನಿಮ್ಮೊಬ್ಬರನ್ನ ಹೊರಗ ಕರದಾಗಽ ತಿಳೀತು. ಬಿಸಿಲಿಗೆ ಮಾರಿ ಹಂಗ ಆಗೂದಿಲ್ಲ."

ಆಕೆ ಕಂಬ ಹಿಡಿದು ಎದ್ದಳು. ನಾನು ತೋಳು ಕೊಡಹೋದರೆ ಬೇಡವೆಂದಳು. ತಾನೇ ಹೋಗಿ ಸ್ವಾಮಿಯ ಮುಂದೆ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತವರಿನವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು:

"ಎಪ್ಪಾ, ಒಳಗ ಏನೈತಿ ಅಂತ ನಾ ಕೇಳೂದಿಲ್ಲ. ಅದು ನಿಂಗಿರ್ಲಿ. ಸೊಲ್ಲಾಪುರಕ ಹೋಗಲ್ಯಾ? ಅಷ್ಟ ಹೇಳು."

ಬಲಭುಜದ ಎಸಳು ಬಿತ್ತು. ಜಾರಿ ಬೀಳಲಿಲ್ಲ, ಯಾರೋ ಬೆರಳಿನಿಂದ ಎತ್ತಿ ಬಿಟ್ಟಂತೆ ಬಿತ್ತು. ಬಿಸಿಲಿಗೆ ಒಣಗಿ ಉದುರಿತು ಎಂದು ಹೇಳುವವರು ಇದ್ದಾರೆ. ಒಣಗಿದ ಎಸಳುಗಳು ಅಂದು ಇಡೀ ಮುಂಜಾನೆ ಕಲ್ಲಿಗೆ ಕಚ್ಚಿ ಕೂತದ್ದನ್ನು ನಾನು ಕಣ್ಣಾರೆ ಕಂಡವನು. ಅವರ ತಕರಾರನ್ನು ದಾಖಲಿಸಿಕೊಂಡು ವಜಾ ಮಾಡುತ್ತೇನೆ. ಈರಯ್ಯ ಗಂಟೆ ಬಾರಿಸಿದರು. ನೀಲವ್ವ ಎಸಳನ್ನು ಎತ್ತಿ ಸೆರಗಿನ ಚುಂಗಿಗೆ ಕಟ್ಟಿಕೊಂಡಳು.

ಮಲ್ಲೇಶಪ್ಪನೊಂದಿಗೆ ಇಂಡಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರ ಮುಟ್ಟಿದೆವು. ಸರ್ಜನ್ ನಿಜಕ್ಕೂ ಮುದುಕರು. ಕೋಟಿನ ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಮಲ್ಲೇಶಪ್ಪ ನನ್ನ ಮುಖ ನೋಡಿದ. ಅವರು ಬಿಜಾಪುರದ ಫೋಟೋ ನೋಡಿದರು. ಕೈಗಳನ್ನು ಒಂದಕ್ಕೊಂದು ತಿಕ್ಕಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಗಂಟನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಕೊನೆಗೆ ಕಣ್ಣು ಬಿಟ್ಟು, ನೀಲವ್ವನ ಎದುರಿಗೇ ಹೇಳಿದರು:

"ಗೊತ್ತಿಲ್ಲ."

"ಸಾಹೇಬ್ರ, ಫೋಟೋದಾಗ—" ಎಂದೆ.

"ಫೋಟೋದಾಗ ಒಂದು ನೆರಳು ಐತಿ. ಅದು ಯಾತರ ನೆರಳು ಅಂತ ಬರದಿಲ್ಲ. ಕ್ಯಾನ್ಸರ್ ಇದ್ರೂ ಇರಬಹುದು. ಆದ್ರ ಈ ಗಂಟು ಕೈಯಾಗ ಸರದಾಡತೈತಿ, ಕ್ಯಾನ್ಸರ್ ಹಂಗ ಸರದಾಡೂದು ಕಡಿಮಿ. ಹಂಗಂತ ಸರದಾಡೂ ಕ್ಯಾನ್ಸರೂ ನಾ ನೋಡೀನಿ. ಹೊಟ್ಟಿ ತೆರಿಯೂ ಮೊದಲು ಒಳಗ ಇಂಥಾದ್ದಽ ಐತಿ ಅಂತ ಹೇಳಿ, ತೆರದ ಮ್ಯಾಲೆ ನಾಚಿಕೊಂಡದ್ದು ನನ್ನ ಆಯುಷ್ಯದಾಗ ಭಾಳ ಆಗೇತಿ. ಅದಕ್ಕ ಈಗ ಹೇಳೂದು ಬಿಟ್ಟೇನಿ. ತೆರದು ನೋಡ್ತೇನಿ. ತಗಿಯಾಕ ಬರೂದಿದ್ರ ತಗೀತೇನಿ. ಬರಲಿಲ್ಲಂದ್ರ ಸುಳ್ಳು ಹೇಳೂದಿಲ್ಲ."

ನಾಲ್ವರ ಖಚಿತ ಮಾತು ಕೇಳಿ ನಡುಗಿದವನು ನಾನು. ಈ ಒಂದು ‘ಗೊತ್ತಿಲ್ಲ’ ಕೇಳಿದಾಗ, ತಿಂಗಳುಗಳಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಂತಾಯಿತು. ಏಕೆಂದರೆ ಇದೇ ಉತ್ತರವನ್ನು ನಾನು ಆಗಲೇ ಒಮ್ಮೆ ಕೇಳಿದ್ದೆ. ಒಂದು ಮುಂಜಾನೆಯೆಲ್ಲ ಸ್ವಾಮಿ ಹೂ ಕೊಡದೆ ನಿಂತದ್ದು ಮೌನವೆಂದು ನಾನು ಸಿಟ್ಟಾಗಿದ್ದೆ. ಸೊಲ್ಲಾಪುರದ ದವಾಖಾನೆಯ ಬೆಂಚಿನ ಮೇಲೆ ಕೂತಾಗ ಹೊಳೆಯಿತು: ಮನುಷ್ಯನಿಗೆ ಮೊದಲೇ ತಿಳಿಯಲಾರದ್ದನ್ನು ತಿಳಿದಂತೆ ಹೇಳಿಸಿಕೊಳ್ಳಬೇಡ, ಹೇಳದವನ ಕಡೆಗೆ ಹೋಗು ಎಂದು ಸ್ವಾಮಿ ಅಂದೇ ಅಪ್ಪಣೆ ಕೊಟ್ಟಿದ್ದ. ನೀಲವ್ವನೂ ಸರ್ಜನ್ನರ ಮುಖವನ್ನೇ ನೋಡುತ್ತಿದ್ದಳು. "ಇವರ ಕೈ ಬೆಚ್ಚಗೈತ್ರಿ," ಎಂದಳು. ಆಕೆಯ ಒಪ್ಪಿಗೆ ಅಷ್ಟರಲ್ಲೇ ಮುಗಿಯಿತು.

ಆಪರೇಷನ್ನಿನ ದಿನ ಬೆಳಗ್ಗೆ ನರ್ಸಬಾಯಿ ಬಂದು, "ಬಂಗಾರ, ಬಳಿ, ನತ್ತು ಎಲ್ಲಾ ತಗದು ಯಜಮಾನರ ಕೈಯಾಗ ಕೊಡ್ರಿ. ಕಟ್ಟಿಸಿದ ಹಲ್ಲಿದ್ರ ಅದನ್ನೂ," ಎಂದರು. ನೀಲವ್ವ ನತ್ತು ತೆಗೆದಳು. ಬಳೆ ತೆಗೆಯುವ ಕೆಲಸ ಕಷ್ಟವಾಗಲಿಲ್ಲ. ಹಲ್ಲು ಎಂದಾಗ ಮಾತ್ರ ಹಿಂಜರಿದಳು. ಪರವೂರಿನಲ್ಲಿ ಅಷ್ಟು ಜನರ ಮುಂದೆ ಬೋಡುಬಾಯಿ ತೋರಿಸುವುದೇ? ಕೊನೆಗೆ ಸೆರಗು ಅಡ್ಡ ಹಿಡಿದು ತೆಗೆದು ಡಬ್ಬಿಗೆ ಹಾಕಿದಳು. ಅದೇ ಹೊತ್ತಿಗೆ ಸರ್ಜನ್ನರು ಒಳಬಂದರು. ಆಕೆಯ ಕುಸಿದ ಗಲ್ಲವನ್ನು ನೋಡಿ ಹೆಜ್ಜೆ ನಿಲ್ಲಿಸಿದರು.

"ಬಾಯಿ ತಗೀರಿ ಅವ್ವಾರ. ಹಲ್ಲ ಎಲ್ಲಿ ಹೋದ್ವು?"

"ಡಬ್ಬ್ಯಾಗ ಅದಾವ್ರಿ," ಎಂದಳು ನೀಲವ್ವ.

"ಊಟಕ್ಕ ಹಾಕ್ಕೋತೀರಿ ಹೌದಿಲ್ಲೋ?"

"ಛೇ! ಊಟಕ್ಕ ಯಾಕ ಹಾಕ್ಕೋಳ್ಲಿ?"

"ಮತ್ತ ಹೆಂಗ ಅಗೀತೀರಿ?"

"ಅಗಿಯೂದ್ಯಾಕ್ರಿ? ರೊಟ್ಟಿ ಸಾರಿನ್ಯಾಗ ನೆನಸಿ ನುಂಗ್ತೀನಿ."

"ಮೆತ್ತಗ ಆಗಲಾರದ್ದು ಏನರ ತಿಂತೀರೇನು?"

ಇದಕ್ಕೆ ಉತ್ತರ ಕೊಟ್ಟವನು ಮಲ್ಲೇಶಪ್ಪ. ಅಕ್ಕನ ಮೇಲಿನ ಅಭಿಮಾನದಿಂದ, "ನಮ್ಮ ತ್ವಾಟದ ನಿಂಬಿಕಾಯಿ ಉಪ್ಪಿನಕಾಯಿ ಒಂದಽ ನೋಡ್ರಿ ಆಕೀಗೆ ಸೇರೂದು. ಇಡೀ ಹೋಳಽ ನುಂಗತಾಳ. ಎರಡು ವರ್ಷದಿಂದ ಬರಣಿ ಕಡಿಮಿ ಬೀಳಾಕ ಬಿಟ್ಟಿಲ್ಲ ನಾ," ಎಂದ.

ಸರ್ಜನ್ನರು ಮಲ್ಲೇಶಪ್ಪನನ್ನು ನೋಡಿದರು, ನೀಲವ್ವನ ಹೊಟ್ಟೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗೂ ಗೊತ್ತಿಲ್ಲ ನಂಗ," ಎಂದರು. "ಆದ್ರ ಗೊತ್ತಿಲ್ಲದ್ದು ತುಸು ಚಲೋ ದಿಕ್ಕಿಗೆ ಹೊಳ್ಳೇತಿ."

ಬಾಗಿಲು ಮುಚ್ಚಿತು. ನನ್ನ ಕೈಯಲ್ಲಿ ಆಕೆಯ ಬಳೆ, ನತ್ತು, ಹಲ್ಲಿನ ಡಬ್ಬಿ, ಸೆರಗಿನಿಂದ ಬಿಚ್ಚಿ ಕೊಟ್ಟ ಒಣ ಎಸಳು. ಒಂದು ಮನುಷ್ಯಜೀವ ಇಷ್ಟೇ ಸಾಮಾನಾಗಿ ಅಂಗೈಯಲ್ಲಿ ಕೂಡುತ್ತದಲ್ಲ ಎಂದು ನೋಡುತ್ತ ಕೂತೆ. ಸ್ವಾಮಿಯನ್ನು ನೆನೆದೆ. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ‘ನಿನ್ನ ಅಪ್ಪಣೆಯಂತೆ ಬಂದಿದ್ದೇವೆ’ ಎಂಬ ಒಂದೇ ಮಾತನ್ನು ಮನಸ್ಸಿನಲ್ಲಿ ತಿರುತಿರುಗಿ ಹೇಳಿದೆ. ಮಲ್ಲೇಶಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ.

ಬಾಗಿಲು ತೆರೆದಾಗ ಸರ್ಜನ್ನರ ಕೈಯಲ್ಲಿ ಪಿಂಗಾಣಿಯ ತಟ್ಟೆಯಿತ್ತು. ಅದರಲ್ಲಿ ಕಪ್ಪು ಹಸಿರಿನ, ಕೋಳಿಮೊಟ್ಟೆಯ ಆಕಾರದ, ಆದರೆ ಬೊಗಸೆ ತುಂಬುವಷ್ಟು ದೊಡ್ಡ ಉಂಡೆ. ಅದನ್ನು ಅವರು ನಡುವೆ ಕೊಯ್ದು ತಂದಿದ್ದರು. ಒಳಗೆ ಪದರ ಪದರವಾಗಿ ಸಿಪ್ಪೆ, ನಾರು, ಬೀಜ.

"ಕ್ಯಾನ್ಸರ್ ಅಲ್ಲ," ಎಂದರು. "ಜಠರ ಶುದ್ಧ ಐತಿ. ಅದರೊಳಗ ಇದು ಕುಂತಿತ್ತು. ಅಗಿಯಲಾರದ ನುಂಗಿದ ಸಿಪ್ಪಿ ಒಂದಕ್ಕೊಂದು ಹೆಣಕೊಂಡು ಉಂಡಿ ಕಟ್ಟೇತಿ. ಎಲ್ಲಾರಿಗೂ ಹಿಂಗ ಆಗೂದಿಲ್ಲ, ಇವರ ಜಠರ ತುಸು ಮಂದ ಕಾಣ್ತೈತಿ. ಇದು ಬೆಳದಂಗ ಅನ್ನಕ್ಕ ಜಾಗ ಉಳೀಲಿಲ್ಲ. ತಗದು ಹೊಲದೇನಿ. ಬದುಕತಾರ."

ಮಲ್ಲೇಶಪ್ಪ ತಟ್ಟೆಯ ಹತ್ತಿರ ಬಗ್ಗಿ ಮೂಸಿ ನೋಡಿದ. ಕಣ್ಣಲ್ಲಿ ನೀರು ಬಳಬಳ ಸುರಿಯುತ್ತಿತ್ತು. ಆದರೂ ತೋಟದ ಒಡೆಯನ ಸ್ವಭಾವ ಎಲ್ಲಿ ಹೋದೀತು? "ಹೌದ್ರಿ ಮಾಮಾ," ಎಂದ. "ನಮ್ಮದಽ ಮಾಲು."

ನಾನು ನಕ್ಕೆನೋ ಅತ್ತೆನೋ ನನಗೆ ತಿಳಿಯದು. ನಾನು ಸರ್ಜನ್ನರ ಕಾಲು ಹಿಡಿಯಲು ಬಗ್ಗಿದೆ. ಅವರು ತಟ್ಟೆಯನ್ನು ಅಡ್ಡ ಹಿಡಿದು ತಪ್ಪಿಸಿಕೊಂಡರು.

ಬಾಂಧವರೇ, ಆ ತಟ್ಟೆಯನ್ನು ನೋಡಿದಾಗ ನನಗೆ ಮೈ ಜುಮ್ಮೆಂದದ್ದು ಬೇರೆ ಒಂದು ಮಾತಿಗೆ. ‘ಬಾಯಿಗೆ ರುಚಿಸಿದ್ದನ್ನು ಕೊಡಿರಿ’ ಎಂದು ಬಿಜಾಪುರದಲ್ಲಿ ಹೇಳಿದ್ದರು, ಕರುಣೆಯಿಂದಲೇ ಹೇಳಿದ್ದರು. ಆಕೆಗೆ ರುಚಿಸುತ್ತಿದ್ದುದು ಇದೊಂದೇ. ಮನೆಯಲ್ಲಿ ತುಂಬಿದ ಹೊಸ ಬರಣಿ ಕಾದಿತ್ತು. ಅಂದು ಹೂ ಬೀಳದಿದ್ದರೆ ನಾವು ಆಕೆಯನ್ನು ಪ್ರೀತಿಯಿಂದ, ದಿನಕ್ಕೆರಡು ಹೋಳಿನಂತೆ, ನಮ್ಮ ಕೈಯಾರೆ ಕೊಂದು, ದೈವಲೀಲೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದೆವು. ಗಂಟಿಗೆ ಕ್ಯಾನ್ಸರೆಂದೇ ಹೆಸರು ಉಳಿಯುತ್ತಿತ್ತು. ಸ್ವಾಮಿ ಉಳಿಸಿದ್ದು ಆ ಗಂಟಿನಿಂದ ಮಾತ್ರವಲ್ಲ, ನಮ್ಮ ಅಕ್ಕರೆಯಿಂದಲೂ.

ಯುಗಾದಿ ಕಳೆದು ಗಾಯ ಮಾಗಿದ ಮೇಲೆ ಗುಡಿಗೆ ಹೋದೆವು. ನಡೆದೇ ಬರುತ್ತೇನೆಂದು ಹಟ ಹಿಡಿದ ನೀಲವ್ವ ಕೊನೆಯ ಹೊಲದ ದಾರಿಯನ್ನು ಚಕ್ಕಡಿ ಬಿಟ್ಟು ಇಳಿದು ನಡೆದಳು. ಕೈಯಲ್ಲಿ ಬಳೆಗಳು ನಿಲ್ಲುತ್ತಿದ್ದವು. ಈರಯ್ಯ ಮಂಗಳಾರತಿ ಮಾಡಿ, ಒದ್ದೆ ಎಸಳು ಹಿಡಿದು, "ಏನರ ಕೇಳೂದೈತೇನ್ರಿ?" ಎಂದರು.

"ಇಲ್ಲ. ಕೇಳುವುದೆಲ್ಲ ಮುಗಿಯಿತು," ಎಂದೆ.

ಅವರು ಒಡೆದ ತೆಂಗಿನಕಾಯಿಯಿಂದ ಒಂದು ಚೂರು ಕೊಬ್ಬರಿ ಮುರಿದು ನೀಲವ್ವನ ಅಂಗೈಗೆ ಹಾಕಿದರು. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸೊಂಟದಿಂದ ಹಿತ್ತಾಳೆಯ ಡಬ್ಬಿ ತೆಗೆದಳು. ಸ್ವಾಮಿಗೆ ಬೆನ್ನು ಮಾಡಬಾರದೆಂದು ಸ್ವಲ್ಪವೇ ಪಕ್ಕಕ್ಕೆ ತಿರುಗಿ, ಸೆರಗು ಮರೆಮಾಡಿ ಹಲ್ಲು ಹಾಕಿಕೊಂಡಳು. "ಸಿಟ್ಟಾಗಬ್ಯಾಡೋ ಎಪ್ಪಾ, ಡಾಕ್ಟರಪ್ಪನ ಮಾತು," ಎಂದು ಸ್ವಾಮಿಗೆ ತಗ್ಗಿದ ದನಿಯಲ್ಲಿ ಸಮಜಾಯಿಷಿ ಹೇಳಿ, ಪ್ರಸಾದವನ್ನು ಬಾಯಿಗೆ ಹಾಕಿಕೊಂಡಳು.

ಗುಡಿಯೊಳಗೆ ಬೇರೆ ಸಪ್ಪಳವಿರಲಿಲ್ಲ. ನಾನು ಕೈಮುಗಿದು ಕಣ್ಣು ಮುಚ್ಚಿ, ನನ್ನ ಹೆಂಡತಿ ನಿಧಾನವಾಗಿ, ನುಣ್ಣಗೆ, ಕೊಬ್ಬರಿ ಅಗಿಯುವುದನ್ನು ಕೊನೆಯವರೆಗೂ ಕೇಳುತ್ತ ನಿಂತೆ.